ಕೋರೆಹಲ್ಲಿನ ತುದಿ ಹುಡುಕಿದ ಮಧ್ಯಾಹ್ನ

ಎಂಡಿಎಸ್, ಅಂದರೆ ದಂತವೈದ್ಯದ ಪಿಜಿ, ಓದುವಾಗ ಪಿಯುಸಿ ಹುಡುಗಿಯೊಬ್ಬಳ ಕೇಸು ನನ್ನ ಪಾಲಿಗೆ ಬಂದಿತ್ತು. ಕೆಳಗಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಕ್ಲಿಪ್ ಹಾಕುವ ಮುಂಚೆ ಸಾಲಿನ ಆಕಾರ ಅಳೆಯಬೇಕು, ತಂತಿ ಅದಕ್ಕೆ ಹೊಂದಬೇಕಲ್ವಾ? ವರ್ನಿಯರ್ ಅಳತೆಗೋಲಿನಲ್ಲಿ ಅಗಲ ಸಿಗುತ್ತದೆ, ಬಾಗು ಸಿಗುವುದಿಲ್ಲ. ಹಾಗಾಗಿ ಇಮೇಜ್‌ಜೆ ತೆರೆದೆ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನಲ್ಲಿ ಹುಟ್ಟಿದ, ಫೋಟೋ ಮೇಲೆ ಅಳತೆ ತೆಗೆಯುವ ಸಾಫ್ಟ್‌ವೇರ್ ಅದು. ಪಿಜಿ ವಿದ್ಯಾರ್ಥಿಗಳಿಗೆ ಅದರ ದೊಡ್ಡ ಗುಣ ಅಂದರೆ, ಪುಕ್ಕಟೆ.

ಹಲ್ಲುಸಾಲಿನ ಪ್ಲಾಸ್ಟರ್ ಮಾಡೆಲ್‌ನ ಫೋಟೋವನ್ನು ನೇರ ಮೇಲಿಂದ ತೆಗೆಯಬೇಕು, ಪಕ್ಕದಲ್ಲಿ ಸ್ಕೇಲು. ಸ್ಕೇಲನ್ನು ಸುಮ್ನೆ ಮೇಜಿನ ಮೇಲಿಟ್ಟರೆ ಲೆಕ್ಕ ಕೆಡುತ್ತದೆ. ಹಲ್ಲಿನ ತುದಿ ಕ್ಯಾಮೆರಾಗೆ ಹತ್ತಿರ, ಸ್ಕೇಲು ದೂರ. ಹಲ್ಲು ಇರುವುದಕ್ಕಿಂತ ದೊಡ್ಡದಾಗಿ ಬರುತ್ತದೆ. ಕೆಂಪು ಮೇಣದ ಹಾಳೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಸ್ಕೇಲನ್ನು ಹಲ್ಲಿನ ಮಟ್ಟಕ್ಕೆ ಎತ್ತಿದೆ.

ಆಮೇಲೆ ಒಂದೊಂದು ಹಲ್ಲಿನ ಮೇಲೂ ಚುಕ್ಕೆ. ದವಡೆಹಲ್ಲು ಸಲೀಸು. ಬಲಗಡೆ ಕೋರೆಹಲ್ಲಿಗೆ ಬಂದಾಗ ಕೈ ನಿಂತಿತು. ತುದಿ ಸವೆದು ಚಪ್ಪಟೆಯಾಗಿದೆ. ಝೂಮ್ ಮಾಡಿದಷ್ಟೂ ಬಿಳಿ ಬಯಲು, ತುದಿ ಎಲ್ಲೂ ಇಲ್ಲ! ಸವೆದ ಜಾಗದ ನಟ್ಟನಡುವೆ ಕ್ಲಿಕ್ ಮಾಡಿದೆ. ಎರಡು ಕೋರೆಹಲ್ಲುಗಳ ನಡುವೆ 25.4 ಮಿಮೀ ಬಂತು. ಪಕ್ಕದ ಪಿಜಿ ಅದೇ ಫೋಟೋ ಅಳೆದರೆ 25.8. ದಶಾಂಶ ಎಷ್ಟೇ ತೋರಿಸಲಿ, ಅಳೆದದ್ದು ನಮ್ಮ ಬೆರಳೇ ತಾನೆ?

ಚುಕ್ಕೆಗಳನ್ನು ಎಕ್ಸೆಲ್‌ಗೆ ಹಾಕಿ ನಾಲ್ಕನೇ ಘಾತದ ಬಾಗುಗೆರೆ ಎಳೆಸಿದೆ. ತಂತಿ ಕಂಪನಿಗಳು ಕೊಡುವ ಟೇಪರ್ಡ್ (ಮುಂದೆ ಕಿರಿದಾದ), ಓವಾಯ್ಡ್ (ಮೊಟ್ಟೆಯಾಕಾರದ), ಸ್ಕ್ವೇರ್ (ಚೌಕನೆಯ) ಮಾದರಿಗಳ ಮೇಲಿಟ್ಟು ನೋಡಿದರೆ ಈ ಹುಡುಗಿಯ ಸಾಲು ಟೇಪರ್ಡೂ ಅಲ್ಲ, ಓವಾಯ್ಡೂ ಅಲ್ಲ.

"ಯಾವುದಕ್ಕೆ ಸೇರಿಸಲಿ ಮೇಡಂ?" ಅಂದೆ.

"ಹೆಸರು ಕಟ್ಟಿಕೊಂಡು ಏನ್ ಮಾಡ್ತೀರಿ? ಕೆಳಗಿನ ಕೋರೆಹಲ್ಲಿನ ಅಗಲ ಇದ್ದಷ್ಟೇ ಉಳಿಸಿಕೊಳ್ಳಿ" ಅಂದರು ಗೈಡ್. ಅದನ್ನು ಹಿಗ್ಗಿಸಿದರೆ ಕ್ಲಿಪ್ ತೆಗೆದ ಮೇಲೆ ಮತ್ತೆ ಒಳಗೆ ಸರಿಯುವುದೇ ಜಾಸ್ತಿ.

ಗೆರೆಯನ್ನು ಅಳತೆಗೆ ಸರಿಯಾಗಿ ಪ್ರಿಂಟ್ ತೆಗೆಯುವುದೂ ಒಂದು ರಗಳೆ. ಪ್ರಿಂಟರ್ ತಾನಾಗಿಯೇ ಕಾಗದಕ್ಕೆ ಹೊಂದುವಂತೆ ಚಿತ್ರ ಕುಗ್ಗಿಸಿಬಿಡುತ್ತದೆ. ನೂರಕ್ಕೆ ನೂರು ಅಂತ ಆರಿಸಿ, ಸ್ಕೇಲಿಟ್ಟು ತಾಳೆ ನೋಡಿ, ಹುಡುಗಿಯ ಫೈಲಿಗೆ ಅಂಟಿಸಿದೆ. ಶುರುವಿನ ನೈಟೈ (ನಿಕ್ಕಲ್-ಟೈಟಾನಿಯಂ) ತಂತಿ ಬಗ್ಗಿಸಿದರೂ ಹಳೇ ಆಕಾರಕ್ಕೇ ಮರಳುತ್ತದೆ, ಅದಕ್ಕೆ ಈ ಕಾಗದ ಉಪಯೋಗವಿಲ್ಲ. ತಿಂಗಳುಗಳ ನಂತರ ಸ್ಟೀಲ್ ತಂತಿಯ ಸರದಿ ಬಂದಾಗ ಅದೇ ಗೆರೆಯ ಮೇಲಿಟ್ಟು ಬಗ್ಗಿಸಿದೆ. ಕುರ್ಚಿಯಲ್ಲಿ ಕೂತಿದ್ದ ಹುಡುಗಿ ಬಗ್ಗಿ ನೋಡಿ, "ಡಾಕ್ಟ್ರೇ, ಇದು ನನ್ನ ಹಲ್ಲಾ? ಗ್ರಾಫ್ ಥರ ಇದೆ" ಅಂದಳು.