ಯಾವ ಕೋರ್ಸ್ ಸಾರ್?

‘ಸಾರ್, ಸ್ಮಾರ್ಟ್ ಬಿಲ್ಡಿಂಗ್ ಲೈನಿಗೆ ಹೋಗಬೇಕಂದ್ರೆ ಮಗನಿಗೆ ಯಾವ ಕೋರ್ಸ್ ಮಾಡಿಸ್ಬೇಕು?’

ಹೋದ ತಿಂಗಳು ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಇದೇ ಪ್ರಶ್ನೆ. ಪಕ್ಕದವರು ಕೋಸಂಬರಿ ಬೀಳುವಾಗ ಶುರು ಮಾಡಿದರು, ಮಜ್ಜಿಗೆ ಬಂದರೂ ಬಿಡಲಿಲ್ಲ. ‘ಮೂರು ತಿಂಗಳದ್ದು ಯಾವುದಾದ್ರೂ ಹೇಳಿ. ಸರ್ಟಿಫಿಕೇಟ್ ಬಂದ್ರೆ ಸಾಕು, ಅಷ್ಟೇ.’

ಆ ‘ಅಷ್ಟೇ’ ಕೇಳಿ ಒಬ್ಬಟ್ಟು ಗಂಟಲಲ್ಲಿ ಇಳಿಯಲಿಲ್ಲ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಬರೆದಿಡುತ್ತೇನೆ, ಕೇಳಿದವರಿಗೆ ಲಿಂಕ್ ಕಳಿಸಿದರಾಯಿತು.

ಉತ್ತರ: ಎರಡು ವರ್ಷದ ಐಟಿಐ. ಎಲೆಕ್ಟ್ರಿಷಿಯನ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ಇಲ್ಲವೇ ಫ್ರಿಜ್-ಎಸಿ ಟ್ರೇಡ್. ಶುರುವಿಗೆ ಮೂರರಲ್ಲಿ ಯಾವುದಾದರೂ ಆಗುತ್ತದೆ, ಕೊನೆತನಕ ಯಾವುದೂ ಒಂದೇ ಸಾಲುವುದಿಲ್ಲ. ಬಿಎಂಎಸ್, ಅಂದರೆ ಕಟ್ಟಡದ ಎಸಿ, ಲೈಟು ಎಲ್ಲವನ್ನೂ ಒಂದೇ ಸ್ಕ್ರೀನಿನಿಂದ ನಡೆಸುವ ಕೆಲಸಕ್ಕೆ ಮೂರೂ ಬೇಕು. ದೊಡ್ಡ ಎಸಿಗೆ ನೀರು ತಣಿಸುವ ಚಿಲ್ಲರ್ ಬಿಚ್ಚಿ ಜೋಡಿಸುವವನು, ಯಂತ್ರಗಳು ಒಂದಕ್ಕೊಂದು ಮಾತಾಡುವ ಮಾಡ್‌ಬಸ್ ಭಾಷೆ ಅಂದರೆ ಯಾವ ಬಸ್ಸು ಅಂತಾನೆ. ‘ಹೊಸ ಟೆಕ್ನಾಲಜಿ ಅಲ್ವಾ’ ಅನ್ನಬೇಡಿ. ಮಾಡ್‌ಬಸ್ 1979ರದ್ದು, ಅಂಥದ್ದೇ ಇನ್ನೊಂದು ಭಾಷೆ ಬ್ಯಾಕ್‌ನೆಟ್ 1995ರದ್ದು. ನಿಮ್ಮ ಮಗನಿಗಿಂತ ದೊಡ್ಡವು.

ಈಗ ಕೇಳಿ. ಹೊರವರ್ತುಲ ರಸ್ತೆಯ ಒಂದು ಆಫೀಸ್ ಕಟ್ಟಡ. ಸ್ಕ್ರೀನಿನಲ್ಲಿ ಹಾಲ್ 24 ಡಿಗ್ರಿ, ಚೆನ್ನಾಗಿದೆ. ಹಾಲಿನಲ್ಲಿ ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂತಿದ್ದಾರೆ. ಮೂರು ಸರ್ಟಿಫಿಕೇಟ್ ಇರುವ ಹುಡುಗ ಎರಡು ದಿನ ಪ್ರೋಗ್ರಾಮ್‌ನಲ್ಲಿ ತಪ್ಪು ಹುಡುಕಿದ. ಕೊನೆಗೆ ನಮ್ಮ ಹಳೇ ವೈರ್‌ಮ್ಯಾನ್ ಒಬ್ಬರು ಏಣಿ ಹತ್ತಿ, ಸೆನ್ಸರ್ ಪಕ್ಕ ಒಂದು ಮಾಮೂಲಿ ಥರ್ಮಾಮೀಟರ್ ಹಿಡಿದರು. ಇಪ್ಪತ್ತೊಂದೂವರೆ. ಜಂಕ್ಷನ್ ಬಾಕ್ಸ್ ತೆಗೆದು ವೈರ್ ಎಳೆದು ನೋಡಿದರು, ಅಲುಗಾಡಿತು. ಸ್ಕ್ರೂ ಕಾಲು ಸುತ್ತು ತಿರುಗಿಸಿದರು. ಮುಗಿಯಿತು.

ಬಿಸಿ ಎಷ್ಟು ಅಂತ ಅಳೆಯುವ, ಎರಡು ವೈರಿನ ಪಿಟಿ-100 ಸೆನ್ಸರ್ ಅದು. ಒಂದು ಡಿಗ್ರಿ ಏರಿದರೆ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸುಮಾರು 0.385 ಓಮ್ ಏರುತ್ತದೆ. ಸಡಿಲ ಜಾಯಿಂಟ್‌ನಲ್ಲಿ ಒಂದೇ ಓಮ್ ಸೇರಿಕೊಂಡರೂ ಹಾಲ್ ಎರಡೂವರೆ ಡಿಗ್ರಿ ಹೆಚ್ಚು ಬಿಸಿ ಅಂತ ಸ್ಕ್ರೀನ್ ನಂಬುತ್ತದೆ, ಎಸಿ ಸುಮ್ನೆ ತಣ್ಣಗೆ ಮಾಡುತ್ತಾ ಹೋಗುತ್ತದೆ.

ಆ ವೈರ್‌ಮ್ಯಾನ್ ಹತ್ತಿರ ಒಂದು ಕಾಗದವೂ ಇಲ್ಲ. ಮೇಂಟೆನೆನ್ಸ್ ಗುತ್ತಿಗೆ ಬೇರೆ ಏಜೆನ್ಸಿಗೆ ಹೋದಾಗ ಅವರನ್ನು ‘ಹೆಲ್ಪರ್’ ಅಂತ ಬರೆದುಕೊಂಡರು. ಸಂಬಳವೂ ಹೆಲ್ಪರ್‌ದೇ. ಹುಡುಗ ‘ಟೆಕ್ನಿಷಿಯನ್’. (ಹುಡುಗ ಒಳ್ಳೆಯವನೇ, ಈಗ ಏಣಿ ಹತ್ತುತ್ತಾನೆ.)

ಹಾಗಾಗಿ ನನ್ನನ್ನು ಕೇಳಬೇಕಾದ್ದು ‘ಯಾವ ಕೋರ್ಸ್’ ಅಂತ ಅಲ್ಲ. ‘ಕೆಲಸ ಬರುತ್ತೆ ಅಂತ ಪರೀಕ್ಷೆ ಮಾಡೋದು ಯಾರು, ಹೇಗೆ?’ ಅಂತ ಕೇಳಿ. 2013ರಿಂದ ದೇಶಕ್ಕೆ, ಕೌಶಲವನ್ನು ಹಂತ ಹಂತವಾಗಿ ಗುರುತಿಸುವ ಕೌಶಲ ಅರ್ಹತಾ ಚೌಕಟ್ಟು ಇದೆ. ಮೊದಲೇ ಕಲಿತ ಕೆಲಸಕ್ಕೆ ಮಾನ್ಯತೆ ಕೊಡುವ ಆರ್‌ಪಿಎಲ್ ಕೂಡ ಇದೆ. ಇಂಥ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಟಿಕ್ ಹಾಕಿಸುವ ಪರೀಕ್ಷೆ ಬೇಡ. ಹತ್ತು ಸ್ಕ್ರೂನಲ್ಲಿ ಒಂದನ್ನು ಸಡಿಲ ಮಾಡಿ, ಕೈಗೆ ಮೀಟರ್ ಕೊಟ್ಟು, ‘ಹಾಲ್ ಚಳಿ ಅಂತಿದಾರೆ, ನೋಡು’ ಅನ್ನಿ. ಆ ವೈರ್‌ಮ್ಯಾನ್‌ಗೆ ಅರ್ಧ ಗಂಟೆಯೂ ಬೇಡ.

ಇದನ್ನೆಲ್ಲ ಮದುವೆಮನೆಯಲ್ಲೂ ಹೇಳಿದೆ. ಪಕ್ಕದವರು ಕೈ ತೊಳೆಯುತ್ತಾ ಕೇಳಿದರು: ‘ಅದು ಆನ್‌ಲೈನಲ್ಲಿ ಸಿಗುತ್ತಾ ಸಾರ್?’