ಇನ್ನೂ ಅದೇ ಹುಡುಗಿಯೇ?

ಮಾಟುಂಗಾದಲ್ಲಿ ಕನ್ನಡ ನಾಟಕಕ್ಕೆ ಹೋದರೆ ವಿರಾಮದ ಚಹಾದ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಇನ್ನೂ ಅದೇ ಹುಡುಗಿಯನ್ನು ಬರೆಯುತ್ತಿದ್ದೀರಾ? ಸ್ವಂತದ್ದು ಯಾವಾಗ?"

ಆ ಹುಡುಗಿ, ಡಚ್ ಕಲಾವಿದ ವರ್ಮೀರ್ ಸುಮಾರು 1665ರಲ್ಲಿ ಬರೆದ ಮುತ್ತಿನ ಓಲೆಯವಳು. ಡೊಂಬಿವಲಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಅವಳನ್ನು ಮೂರನೆಯ ಸಲ ಬರೆಯುತ್ತಿದ್ದೇನೆ, ಮೂಲದಷ್ಟೇ ಅಳತೆಯ ಕ್ಯಾನ್ವಾಸಿನಲ್ಲಿ: ಎತ್ತರ 44.5, ಅಗಲ 39 ಸೆಂಟಿಮೀಟರ್.

ಸ್ವಂತದ್ದನ್ನು ಬರೆದು ಸೋತೇ ಇಲ್ಲಿಗೆ ಬಂದವನು ನಾನು. ಮೊದಲು ಭಾವನನ್ನು ಕೂರಿಸಿಕೊಂಡು ಬರೆದೆ. ಮೂಗು ಕೆಟ್ಟಿತು. ಭಾವನ ಮೂಗೇ ಹಾಗಿದೆ ಎಂದು ಸಮಾಧಾನ ಮಾಡಿಕೊಂಡೆ. ಪಾಪ, ಅವರೂ ಒಪ್ಪಿಕೊಂಡರು. ಈ ಹುಡುಗಿಯ ಮುಂದೆ ಆ ಆಟ ನಡೆಯುವುದಿಲ್ಲ. ಅವಳ ಮೂಗು ಹೇಗಿದೆಯೆಂದು ಊರಿಗೆಲ್ಲ ಗೊತ್ತು.

ಮೊದಲೆರಡು ಸಲ ಮೂಗಿನ ಪಕ್ಕ ಒಂದು ಗೆರೆ ಎಳೆದಿದ್ದೆ. ಎರಡು ಸಲವೂ ಹುಡುಗಿ ಹೋಗಿ ನಮ್ಮ ಚಿಕ್ಕಮ್ಮ ಬಂದು ಕೂತರು. ವಾರಗಟ್ಟಲೆ ನೋಡಿದ ಮೇಲೆ ತಿಳಿಯಿತು, ಮೂಲದಲ್ಲಿ ಆ ಗೆರೆಯೇ ಇಲ್ಲ. ಮೂಗಿನ ದಂಡೆಯೂ ಬೆಳಕು ಬಿದ್ದ ಆಚೆ ಕೆನ್ನೆಯೂ ಒಂದರೊಳಗೊಂದು ಕರಗಿವೆ. ಮೂಗು ಎಂದೊಡನೆ ಗೆರೆ ಎಳೆಯುವುದು ನನ್ನ ಕೈಯ ಚಾಳಿ. ಮುತ್ತೂ ಅಷ್ಟೇ: ಮೇಲೊಂದು ದಪ್ಪ ಬಿಳಿ ಚುಕ್ಕೆ, ಕೆಳಗೆ ಕೊರಳಪಟ್ಟಿಯ ಮಬ್ಬು ಪ್ರತಿಬಿಂಬ. ಕಿವಿಗೆ ಸಿಕ್ಕಿಸುವ ಕೊಂಡಿಯನ್ನು ವರ್ಮೀರ್ ಬರೆದೇ ಇಲ್ಲ. ನಾನು ಬರೆದಿದ್ದೆ. "ಇಲ್ಲದಿದ್ದರೆ ಬಿದ್ದುಹೋಗುವುದಿಲ್ಲವೇ?" ಎಂದು ನನ್ನ ಹೆಂಡತಿಯೂ ನನ್ನ ಪಕ್ಷವನ್ನೇ ವಹಿಸಿದ್ದಳು.

"ಬರೆಯುವುದಾದರೆ ಮೈಸೂರಿನ ಜಗನ್ಮೋಹನ ಅರಮನೆಯ ದೀಪದ ಹೆಂಗಸನ್ನು ಬರೆಯಿರಿ, ನಮ್ಮವಳಾದರೂ ಆಗುತ್ತಾಳೆ" ಎನ್ನುವವರೂ ಇದ್ದಾರೆ. ಅವಳನ್ನು ಬರೆದ ಹಳದಣಕರ್ ನಮ್ಮ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು. ಆದರೆ ಅದು ಜಲವರ್ಣ. ತಪ್ಪಿದರೆ ತಿದ್ದುವುದು ಕಷ್ಟ. ತೈಲವರ್ಣವಾದರೆ ರಾತ್ರಿ ಕೆಟ್ಟ ಕೆನ್ನೆಯನ್ನು ಬೆಳಗ್ಗೆ ಚಾಕುವಿನಿಂದ ಕೆರೆದು ತೆಗೆಯಬಹುದು. ನನ್ನಂಥವನಿಗೆ ಅದೇ ಸರಿ.

ಒಬ್ಬ ಹುಡುಗಿಗೆ ಇಷ್ಟು ತಡವೇಕೆ ಎಂದರೆ, ಮೊದಲು ಟರ್ಪೆಂಟೈನ್ ಬೆರೆಸಿದ ತೆಳು ಕಂದು ಬಣ್ಣದಲ್ಲಿ ನೆರಳು ಬೆಳಕು ಮಾತ್ರ. ಅದು ಒಣಗಿದ ಮೇಲೆ ಬಣ್ಣ. ಪ್ರತಿ ಮೇಲಿನ ಪದರದಲ್ಲಿ ಎಣ್ಣೆ ಕೊಂಚ ಹೆಚ್ಚು. ಕ್ರಮ ತಪ್ಪಿದರೆ ಮುಂದೆ ಬಿರುಕು ಬಿಡುತ್ತದೆ. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು. ಜುಲೈಯ ಡೊಂಬಿವಲಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ. ನನ್ನ ಹುಡುಗಿ ವಾರ ಕಳೆದರೂ ಬೆರಳಿಗೆ ಅಂಟುತ್ತಾಳೆ. (ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಹೊತ್ತಿಕೊಳ್ಳಬಹುದು.)

ಈಗ ಸಿಕ್ಕಿಬಿದ್ದಿರುವುದು ಹಿನ್ನೆಲೆಯಲ್ಲಿ. ಚಿತ್ರ ಇರುವ ಹೇಗ್ ನಗರದ ಮಾರಿಟ್ಸ್‌ಹೌಸ್ ಸಂಗ್ರಹಾಲಯ 2018ರಲ್ಲಿ ಆರಂಭಿಸಿದ ಪರೀಕ್ಷೆಯಿಂದ, ಈಗ ಕಪ್ಪಾಗಿ ಕಾಣುವ ಜಾಗದಲ್ಲಿ ವರ್ಮೀರ್ ಹಸಿರು ಪರದೆಯೊಂದನ್ನು ಬರೆದಿದ್ದನೆಂದು ಗೊತ್ತಾಯಿತು. ಹಾಗಾದರೆ ನಾನು ನಕಲು ಮಾಡಬೇಕಾದದ್ದು ಅವನ ಹಸಿರನ್ನೋ, ಕಾಲ ಮಾಡಿದ ಕಪ್ಪನ್ನೋ? ಎರಡು ಸಲ ಕಪ್ಪು ಬಳಿದಾಗಿದೆ. ಈ ಸಲ ಹಸಿರು.

ಸ್ವಂತದ್ದೂ ನಡೆದಿದೆ. ಹೋದ ಭಾನುವಾರ ಭಾವನನ್ನು ಮತ್ತೆ ಕೂರಿಸಿದೆ. ಮೂಗು ಅವರದ್ದೇ ಬಂತು. ಕಣ್ಣು ಮಾತ್ರ ಹುಡುಗಿಯದು.