ಪರವಾನಗಿಯಲ್ಲಿದ್ದ ಸೊನ್ನೆ, ರೈಫಲಿನ ಮೇಲಿದ್ದ ‘ಓ’

ಶೂಟಿಂಗ್ ಸ್ಪರ್ಧೆಗಳಿಗೆ ವಿದೇಶಕ್ಕೆ ಹೋಗುವ ಕ್ರೀಡಾಪಟುಗಳ ಬಂದೂಕುಗಳಿಗೆ ಗಡಿ ದಾಟಲು ಬೇಕಾದ ಕಾಗದಪತ್ರಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಹೊಸದರಲ್ಲಿ ನಾನು ಪರವಾನಗಿಯ ನಕಲನ್ನು ಮುಂದಿಟ್ಟುಕೊಂಡು, ಅದರಲ್ಲಿದ್ದ ಸೀರಿಯಲ್ ನಂಬರನ್ನೇ ಎಲ್ಲ ಅರ್ಜಿಗಳಿಗೂ ಇಳಿಸುತ್ತಿದ್ದೆ. ಬಂದೂಕನ್ನು ಕಣ್ಣಾರೆ ನೋಡಬೇಕೆಂದು ಅನ್ನಿಸಿರಲೇ ಇಲ್ಲ.

ಒಮ್ಮೆ ಒಂದು ರೈಫಲ್ ಹೊರದೇಶದ ಕಸ್ಟಮ್ಸ್‌ನಲ್ಲಿ ನಿಂತುಬಿಟ್ಟಿತು. ಅಧಿಕಾರಿ ಪೆಟ್ಟಿಗೆ ತೆರೆಸಿ, ಟಾರ್ಚ್ ಹಿಡಿದು, ರಿಸೀವರ್ (ಬಂದೂಕಿನ ಯಂತ್ರಭಾಗಗಳನ್ನು ಹಿಡಿದಿಡುವ ಮುಖ್ಯ ಭಾಗ) ಮೇಲೆ ಕೊರೆದಿದ್ದುದನ್ನು ಒಂದೊಂದೇ ಅಕ್ಷರವಾಗಿ ಓದಿದಾಗ, ಕಾಗದದಲ್ಲಿ ಸೊನ್ನೆ ಇದ್ದ ಕಡೆ ಲೋಹದ ಮೇಲೆ ಇಂಗ್ಲಿಷಿನ ‘ಓ’ ಇರುವುದು ತಿಳಿಯಿತು. ಪರವಾನಗಿ ಬರೆದವರು ಎಂದೋ ಮಾಡಿದ್ದ ತಪ್ಪನ್ನು ನಾನು ನಿಷ್ಠೆಯಿಂದ ನಕಲು ಮಾಡಿದ್ದೆ. ತಿದ್ದುಪಡಿ ಪತ್ರ ಬರುವಷ್ಟರಲ್ಲಿ ಸ್ಪರ್ಧಿಯ ಅಭ್ಯಾಸದ ದಿನಗಳು ಮುಗಿದಿದ್ದವು.

ಈಗ ನಾನು ಬಂದೂಕನ್ನು ತರಿಸಿಕೊಂಡು, ಅದು ಖಾಲಿಯಿರುವುದನ್ನು ಖಚಿತಪಡಿಸಿಕೊಂಡು, ಅದರ ಮೇಲಿರುವ ಎಲ್ಲ ಸಂಖ್ಯೆಗಳನ್ನೂ ಬರೆದುಕೊಳ್ಳುತ್ತೇನೆ. ಏಕೆಂದರೆ ಅಮೆರಿಕದ ಫೆಡರಲ್ ಕಾನೂನಿಗೆ ಮುಖ್ಯವಾಗಿ ಬೇಕಾದದ್ದು ಫ್ರೇಮ್ ಅಥವಾ ರಿಸೀವರ್; ಐರೋಪ್ಯ ಒಕ್ಕೂಟದ ನಿಯಮವಾದರೋ ನಳಿಕೆಯನ್ನೂ ಅದರ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನೂ ಬಂದೂಕಿನ ಅಗತ್ಯ ಭಾಗಗಳೆಂದೇ ಎಣಿಸುತ್ತದೆ. ಹೆಚ್ಚುವರಿ ನಳಿಕೆಯನ್ನು ‘ಬಿಡಿಭಾಗ’ ಎಂದು ಸುಮ್ಮನೆ ಪೆಟ್ಟಿಗೆಗೆ ಸೇರಿಸುವ ಆಟಗಾರರಿಗೆ ಇದನ್ನು ತಿಳಿಹೇಳುವುದೇ ಒಂದು ಕಷ್ಟ.

ನಡುವೆ ವಿಮಾನ ಬದಲಿಸುವ ದೇಶವನ್ನೂ ಮರೆಯುವಂತಿಲ್ಲ. ವಿಶ್ವಸಂಸ್ಥೆ 2001ರಲ್ಲಿ ಅಂಗೀಕರಿಸಿದ, 2005ರಲ್ಲಿ ಜಾರಿಗೆ ಬಂದ ಬಂದೂಕು ಪ್ರೋಟೊಕಾಲ್ ಎಂಬ ಒಪ್ಪಂದ, ರಫ್ತಿಗೆ ಅನುಮತಿ ನೀಡುವ ಮೊದಲು ಆಮದು ದೇಶದ ಅನುಮತಿಯನ್ನೂ ಹಾದುಹೋಗುವ ದೇಶದ ಲಿಖಿತ ನಿರಾಕ್ಷೇಪಣೆಯನ್ನೂ ಕೇಳುತ್ತದೆ. ಕ್ರೀಡೆ, ಬೇಟೆಗಳಿಗಾಗಿ ತಾತ್ಕಾಲಿಕವಾಗಿ ಒಯ್ಯುವವರಿಗೆ ಸರಳ ವಿಧಾನವನ್ನು ಅನುಸರಿಸಲು ಅದರಲ್ಲಿ ಅವಕಾಶವಿದ್ದರೂ, ಆ ಸರಳತೆ ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ಟ್ರಾನ್ಸಿಟ್ ಅನುಮತಿಯ ಬಗ್ಗೆ ಬರಹದಲ್ಲಿ ಉತ್ತರ ಬರುವವರೆಗೆ ಟಿಕೆಟ್ ಮಾಡಿಸಬೇಡಿ ಎನ್ನುತ್ತೇನೆ.

ಮದ್ದುಗುಂಡಿನ ಲೆಕ್ಕವೇ ಬೇರೆ. ಪ್ರಯಾಣಿಕರ ಸಾಮಾನಿನಲ್ಲಿ ತಲಾ 5 ಕಿಲೋಗ್ರಾಂ ಎಂಬುದು ವಿಮಾನಯಾನದ ಸಾಮಾನ್ಯ ಮಿತಿ. ಇಬ್ಬರ ಪಾಲನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸುವಂತಿಲ್ಲ.

ಕೆನಡಾಕ್ಕೆ ಹೋಗುವವರಿಗೆ 5589 ಸಂಖ್ಯೆಯ ಘೋಷಣಾ ಪತ್ರ ಬೇಕು. ಅದಕ್ಕೆ ಕಸ್ಟಮ್ಸ್ ಅಧಿಕಾರಿಯ ಎದುರಿನಲ್ಲೇ ಸಹಿ ಹಾಕಬೇಕಾದ್ದರಿಂದ, ಉಳಿದೆಲ್ಲವನ್ನೂ ತುಂಬಿ, ಸಹಿಯ ಜಾಗಕ್ಕೆ ಹಳದಿ ಚೀಟಿ ಅಂಟಿಸಿ ಕೊಡುತ್ತೇನೆ. ಅಚ್ಚುಕಟ್ಟಿನ ಜನ ಆ ಚೀಟಿಯನ್ನು ಕಿತ್ತು ಮನೆಯಲ್ಲೇ ಸಹಿ ಹಾಕಿಬಿಡುತ್ತಾರೆ ಎಂದು ಈಗ ಒಂದು ಖಾಲಿ ಪ್ರತಿಯನ್ನೂ ಜೊತೆಗಿಡುತ್ತಿದ್ದೇನೆ.